ಒತಿಲಿಯಾ ಕರೆತಂದವರು

ಉತ್ತರ ಗಡಿಯ ಹುವಾರೆಸ್ ಊರಿನ ಪೇಟೆಯಲ್ಲಿ, ದೊಡ್ಡ ಚರ್ಚಿನ ಮುಂದಿನ ಚೌಕದ ಪಕ್ಕದಲ್ಲಿ, ಒತಿಲಿಯಾ ಸಮಾರಿಪಾಳ ಮೇಜಿತ್ತು. ಮೇಜಿಗೆ ಕಾರ್ಖಾನೆಯ ಹೆಸರಿದ್ದ ಬಟ್ಟೆ, ಅವಳ ಕೈಯಲ್ಲೊಂದು ಮೈಕು. ದಕ್ಷಿಣದ ಬಸ್ಸಿಳಿದು, ಗಂಟುಮೂಟೆ ಹೊತ್ತು, ಎತ್ತ ಹೋಗಬೇಕೆಂದು ತೋಚದೆ ನಿಂತವರನ್ನು ಕರೆದು ಕೆಲಸಕ್ಕೆ ಸೇರಿಸುವುದು ಅವಳ ಕಸುಬು.

ಮೊದಲು ಅವಳೂ ಒಳಗೆ ದುಡಿದವಳೇ. ಕಾರಿನ ಹೊಟ್ಟೆಯೊಳಗೆ ಹಾಯುವ ವೈರುಗಳನ್ನು ಹಲಗೆಯ ಮೇಲೆ ಹರಡಿ, ಜಡೆ ಹೆಣೆದಂತೆ ಸೇರಿಸಿ ಟೇಪು ಸುತ್ತಬೇಕು. ಹಲಗೆ ನಿಲ್ಲುವುದಿಲ್ಲ, ಸರಿಯುತ್ತಲೇ ಇರುತ್ತದೆ. ಕೈಯೂ ಅದರ ಹಿಂದೆ ಓಡಬೇಕು. ಹುಡುಗಿಯಾಗಿ ಸೇರಿದವಳ ಕೂದಲು ನರೆಯುವ ಹೊತ್ತಿಗೆ ಮಣಿಕಟ್ಟು ಸೋತು ಹೋಗಿತ್ತು. ಬೆರಳು ಜೋಮು ಹಿಡಿದು, ಹಿಡಿದ ಲೋಟ ಜಾರಿ ಬೀಳುತ್ತಿತ್ತು. ಆಗ ಸಿಬ್ಬಂದಿ ವಿಭಾಗದ ಬರಾಸಾ ಸಾಹೇಬ, ಹಿರಿಯ ಹೆಂಗಸೆಂಬ ಮರ್ಯಾದೆಗೆ ದೋನ್ಯಾ ಸೇರಿಸಿ ಕರೆದು, "ದೋನ್ಯಾ ಒತಿಲಿಯಾ, ನಿಮ್ಮ ಕೈಯಿಂದ ಇನ್ನೇನೂ ಆಗಲ್ಲ. ಮಾತು ಮಾತ್ರ ಜೋರಾಗಿದೆ. ಪೇಟೇಲಿ ಕೂತ್ಕೊಳ್ಳಿ" ಅಂದ.

ಅವಳು ಕೂತಳು. "ಬನ್ನಿ, ಬನ್ನಿ! ಬಸ್ಸು ಪುಕ್ಕಟೆ, ಊಟ ಪುಕ್ಕಟೆ, ನಾಳೇನೇ ಕೆಲ್ಸ!" ಹತ್ತಿರ ಬಂದವರಿಗೆ ದನಿ ತಗ್ಗಿಸಿ ಊರಿನ ಒಳಗುಟ್ಟು ಹೇಳುವಳು. "ಟೀವಿ ಮಾಡೋ ಕಡೆ ಹೋದ್ರೆ ಕಣ್ಣು ಹಾಳು. ಆಸ್ಪತ್ರೆ ನಳಿಗೆ, ಸೂಜಿ ಮಾಡೋ ಕಡೆ ಚೊಕ್ಕಟ, ಆದ್ರೆ ದಿನವಿಡೀ ಬಾಯಿ ಮೂಗು ಕಟ್ಕೊಂಡಿರ್ಬೇಕು, ತುಟಿಗೆ ಬಣ್ಣ ಹಚ್ಚೋ ಹಾಗಿಲ್ಲ. ನಮ್ಮಲ್ಲಿ ವೈರು. ರೇಡಿಯೊ ಹಾಕ್ತಾರೆ, ಹರಟೆ ಹೊಡೀತಾ ಕೆಲ್ಸ ಮಾಡ್ಬಹುದು." ಹಾಗೆ ಹೇಳುವಾಗ ತನ್ನ ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡಿರುತ್ತಿದ್ದಳು.

ನೆರೆಯ್ದಾ ಬಂದದ್ದು ಚಳಿಗಾಲದ ಮೊದಲ ಗಾಳಿಗೆ. ದಕ್ಷಿಣದ ವೆರಾಕ್ರುಸ್ ಕಡೆಯವಳು, ಅಲ್ಲಿ ಸಕ್ಕರೆ ಕಾರ್ಖಾನೆ ನಿಂತು ಹೋಗಿತ್ತು. ತೆಳ್ಳನೆಯ ಅಂಗಿಯಲ್ಲಿ ಗಡಗಡ ನಡುಗುತ್ತಾ ಕೇಳಿದಳು.

"ಈ ಕೆಲ್ಸ ಎಷ್ಟು ದಿನ ಇರುತ್ತಮ್ಮಾ?"

"ಕಾರು ಓಡೋ ತನಕ ವೈರು ಬೇಕಲ್ವೇನೇ ಹುಚ್ಚಿ?"

ಉಳಿಯಲು ಜಾಗವಿಲ್ಲವೆಂದು ಗೊತ್ತಾದ ಮೇಲೆ ಒತಿಲಿಯಾ ಅವಳನ್ನು ತನ್ನ ಮನೆಗೇ ಕರೆದೊಯ್ದಳು. ಗಂಡ ತೀರಿಹೋಗಿ ಒಂಟಿಯಾಗಿದ್ದ ಮನೆಯಲ್ಲಿ ಮತ್ತೆ ಮಾತು ಕೇಳಿಸತೊಡಗಿತು.

"ನಿಮ್ಮೂರಲ್ಲಿ ಮೆಕ್ಕೆಜೋಳದ ರೊಟ್ಟಿ ತಟ್ಟೋಕೆ ಬರ್ದೇನೇ ಎಲ್ಲಾರೂ ಮೈದಾ ತಿಂತೀರಾ?" ಎಂದು ನೆರೆಯ್ದಾ ಛೇಡಿಸುವಳು.

"ಸ್ವೆಟರ್ ಹಾಕೋಕೇ ಬರದೋಳು ನಂಗೆ ರೊಟ್ಟಿ ಪಾಠ ಹೇಳ್ತೀಯಾ? ತಿನ್ನು ಸುಮ್ನೆ."

ನೆರೆಯ್ದಾ ಊರಿಗೆ ಫೋನು ಮಾಡಿದಳು. ಅಣ್ಣ ಅಬುಂದಿಯೊ ಬಂದ, ಅವನ ಹಿಂದೆ ಚಿಕ್ಕಪ್ಪನ ಮಕ್ಕಳು, ನೆರೆಹೊರೆಯವರು. ಎಲ್ಲರೂ ಒತಿಲಿಯಾಳ ಮೇಜಿನಿಂದಲೇ ಒಳಗೆ ಹೋದರು. ಕಾರ್ಖಾನೆಯ ಬಸ್ಸಿನಲ್ಲಿ ಅರ್ಧ ಜನ ಆ ಒಂದೇ ಹಳ್ಳಿಯವರಾದರು.

ಮರುವರ್ಷ ಕ್ರಿಸ್ಮಸ್ ರಜೆ ಮುಗಿಸಿ ಎಲ್ಲರೂ ಕೆಲಸಕ್ಕೆ ಹೋದಾಗ ಗೇಟಿಗೆ ಸರಪಳಿ ಬಿದ್ದಿತ್ತು. ಕಾವಲಿನವನು ತಲೆ ಎತ್ತಲಿಲ್ಲ, ಬರಾಸಾ ಫೋನು ಎತ್ತಲಿಲ್ಲ. ಕೂಲಿ ಇನ್ನೂ ಅಗ್ಗವಾಗಿರುವ ಯಾವುದೋ ದೇಶಕ್ಕೆ ಕೆಲಸ ಹೋಯಿತಂತೆ ಎಂದು ಯಾರೋ ಅಂದರು. ಗುಂಪು ಕಾಲು ಬದಲಿಸುತ್ತಾ ನಿಂತಿತ್ತು. ಒತಿಲಿಯಾ ಬಂದದ್ದನ್ನು ಕಂಡು ಅಬುಂದಿಯೊ ಎದುರಿಗೇ ಬಂದ.

"ಕಾರು ಓಡೋ ತನಕ ಅಂದಿದ್ರಂತಲ್ಲ ದೋನ್ಯಾ? ನೋಡಿ, ರೋಡ್ ತುಂಬ ಓಡ್ತಾನೇ ಇದಾವೆ."

"ನಂಗೂ ಗೊತ್ತಿರ್ಲಿಲ್ಲ ಕಣೋ ಮಗಾ."

"ಗೊತ್ತಿಲ್ದೋರು ಮೈಕ್ ಯಾಕೆ ಹಿಡಿದ್ರಿ?"

ಒತಿಲಿಯಾ ನೆರೆಯ್ದಾಳತ್ತ ತಿರುಗಿದಳು. ನೆರೆಯ್ದಾ ನೆಲ ನೋಡುತ್ತಾ ನಿಂತಿದ್ದಳು. ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಅದು ಒತಿಲಿಯಾಳಿಗೆ ಅಬುಂದಿಯೊನ ಮಾತಿಗಿಂತ ಹೆಚ್ಚು ಚುಚ್ಚಿತು.

ಯಂತ್ರಗಳು ಇನ್ನೂ ಒಳಗೇ ಇದ್ದವು. ಅವನ್ನು ಮಾರಿದರಷ್ಟೇ ಬಾಕಿ ಕೂಲಿ, ಅವು ಹೊರಟುಹೋದರೆ ತಮಗೆ ಬರಬೇಕಾದ್ದು ಎಂದೂ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಗೇಟಿಗೆ ತಾಡಪಾಲು ಕಟ್ಟಿ, ಡ್ರಮ್ಮಿನಲ್ಲಿ ಹಳೆಯ ಹಲಗೆ ಉರಿಸಿ, ಕಾವಲು ಕೂತರು. ಮರುದಿನ ಒತಿಲಿಯಾ ಬೇಯಿಸಿದ ಕಾಳಿನ ಪಾತ್ರೆ ಹೊತ್ತು ಬಂದಳು. ಯಾರೂ ಮಾತಾಡಿಸಲಿಲ್ಲ. ಅವಳು ಎಲ್ಲರಿಗೂ ಬಡಿಸಿ ಒಂದು ಮೂಲೆಯಲ್ಲಿ ಕೂತಳು. ಅದರ ಮರುದಿನವೂ ಬಂದಳು. ಕೆಲವು ದಿನ ಕಳೆದ ಮೇಲೆ ಅಬುಂದಿಯೊ ತಾನು ಕೂತಿದ್ದ ಕುರ್ಚಿಯನ್ನು ಅವಳತ್ತ ತಳ್ಳಿದ.

ಚಳಿ ಬಿಡಲಿಲ್ಲ. ಮನೆಯಲ್ಲಿ ಮಕ್ಕಳಿದ್ದವರು ಒಬ್ಬೊಬ್ಬರಾಗಿ ಬೇರೆ ಕಾರ್ಖಾನೆ ಹಿಡಿದರು. ಅಬುಂದಿಯೊ ಕೂಡ ಟೀವಿ ಕಡೆಗೆ ಹೋದ. ನೆರೆಯ್ದಾ ಮಾತ್ರ ಹೋಗಲಿಲ್ಲ. ಕಾವಲಿನ ಚಳಿಯಲ್ಲಿ ಹತ್ತಿದ ಅವಳ ಕೆಮ್ಮು ಎದೆಗಿಳಿಯಿತು. ಆಸ್ಪತ್ರೆಗೆ ಹೋದರೆ, ಕೆಲಸ ಹೋದ ದಿನವೇ ವಿಮೆಯೂ ಹೋಗಿದೆ ಎಂದು ವಾಪಸು ಕಳಿಸಿದರು. ಒತಿಲಿಯಾ ಅವಳ ಬೆನ್ನಿಗೆ ಮುಲಾಮು ತಿಕ್ಕುವಳು. ಬೆರಳಿಗೆ ಬೆನ್ನಿನ ಬಿಸಿ ತಾಗಿದ್ದೂ ತಿಳಿಯುತ್ತಿರಲಿಲ್ಲ.

ಮಣ್ಣುಗಾಳಿ ಎದ್ದ ಒಂದು ಮಧ್ಯಾಹ್ನ, ಕಾವಲಿಗೆ ನಾಲ್ಕಾರು ಹೆಂಗಸರಷ್ಟೇ ಇದ್ದಾಗ, ಪೊಲೀಸರ ಸಾಲಿನ ಹಿಂದೆ ಲಾರಿಗಳು ಬಂದವು. ಒತಿಲಿಯಾ ಓಡಿಹೋಗಿ ಗೇಟಿನ ಸರಳು ಹಿಡಿದು ನಿಂತಳು. ಒಬ್ಬಳು ಎಳೆಯ ಪೊಲೀಸು ಅವಳ ಮೊಣಕೈ ಹಿಡಿದಳು.

"ಬಿಡಿ ಅಜ್ಜಿ. ನಮ್ಮಮ್ಮನೂ ವೈರು ಸುತ್ತಿದೋಳೇ. ಬಿಡಿ, ನೋವಾಗುತ್ತೆ."

ಅವಳು ಬಿಡಬೇಕೆಂದು ಬಿಡಲಿಲ್ಲ, ಬೆರಳುಗಳೇ ಬಿಟ್ಟವು. ಸಂಜೆಯ ಹೊತ್ತಿಗೆ ಒಳಗಿನ ಅಂಗಳ ಬರಿದಾಗಿತ್ತು.

ಬರಾಸಾ ಆಮೇಲೆ ಫೋನು ಮಾಡಿದ. ಹೊಸ ಕಂಪನಿ ಸೇರಿದ್ದನಂತೆ. ಅದೇ ಚೌಕ, ಹೊಸ ಮೇಜು, ಬರುತ್ತೀರಾ ಎಂದ. ಅವಳು ಪೂರ್ತಿ ಕೇಳಿಸಿಕೊಂಡು ಫೋನು ಇಟ್ಟಳು. ಮೈದಾ ರೊಟ್ಟಿಯಲ್ಲಿ ಕಾಳು ಸುತ್ತಿ, ಬಕೀಟಿನಲ್ಲಿಟ್ಟು, ಬೇರೆ ಕಾರ್ಖಾನೆಗಳ ಗೇಟುಗಳಲ್ಲಿ ಮಾರತೊಡಗಿದಳು.

ನೆರೆಯ್ದಾ ಊರಿಗೆ ಹೊರಟ ದಿನ ಇಬ್ಬರೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು.

"ನನ್ ಮೇಲೆ ಸಿಟ್ಟೇನೇ?"

"ಸಿಟ್ಟಿದ್ರೆ ನಿಮ್ಮನೇಲಿ ಉಣ್ತಿದ್ನಾ?" ಕೆಮ್ಮು ಬಂದು ನಿಂತ ಮೇಲೆ ನೆರೆಯ್ದಾ ಮತ್ತೆ ಹೇಳಿದಳು. "ಇತ್ತು. ಸ್ವಲ್ಪ ದಿನ ಇತ್ತು."

ಬಸ್ಸು ಹೋಯಿತು. ಆಚೆ ದಕ್ಷಿಣದ ಬಸ್ಸು ಬಂದು ಜನರನ್ನು ಇಳಿಸುತ್ತಿತ್ತು. ಮಗುವಿನ ಕೈ ಹಿಡಿದ ಒಬ್ಬಳು ಸುತ್ತ ನೋಡಿ, ನೇರವಾಗಿ ಒತಿಲಿಯಾಳ ಹತ್ತಿರ ಬಂದಳು.

"ಅಮ್ಮಾ, ಇಲ್ಲಿ ಕೆಲ್ಸ ಸಿಗುತ್ತಂತಲ್ಲ, ಹೌದಾ?"

"ಸಿಗುತ್ತೆ. ಸಿಗೋಕೇನು ಕಡಿಮೆ ಇಲ್ಲ," ಅಂದಳು ಒತಿಲಿಯಾ. ಎಷ್ಟು ದಿನ ಇರುತ್ತದೋ ಯಾರಿಗೂ ಗೊತ್ತಿಲ್ಲ ಎಂದೂ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಗು ಬಚ್ಚಲಿಗೆ ಹೋಗಬೇಕೆಂದು ಅಳತೊಡಗಿತು. ತಾಯಿ ಅದನ್ನೆತ್ತಿಕೊಂಡು ಒಳಗೆ ಓಡಿದಳು. ಒತಿಲಿಯಾ ಸ್ವಲ್ಪ ಹೊತ್ತು ಅವಳಿಗಾಗಿ ಕಾದಳು. ಅವಳು ಮತ್ತೊಂದು ಬಾಗಿಲಿನಿಂದ ಹೊರಟುಹೋಗಿರಬೇಕು.