ಕುಮುದಿನಿಯ ಮನೆಯ ಕಡಲ ಬದಿಯ ಕೋಣೆ

ಉಳ್ಳಾಲದ ಕುಮುದಿನಿಗೆ ಮಕ್ಕಳಿರಲಿಲ್ಲ. ಗಂಡ ಯಾದವ ದೋಣಿ ಮಗುಚಿ ತೀರಿಕೊಂಡ ಮೇಲೆ ಅವಳು ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತುತ್ತಿದ್ದಳು. ಮಣ್ಣಿನ ಗೋಡೆ, ತೆಂಗಿನ ಮಡಲಿನ ಮಾಡು, ಕಡಲ ಬದಿಗೆ ಒಂದು ಕೋಣೆ. ಅದು ಬರಿದಾಗಿಯೇ ಇತ್ತು.

ಎಪ್ಪತ್ತೆಂಟರ ಏಪ್ರಿಲಿನಲ್ಲಿ ಮೋಹನದಾಸ ಶೆಟ್ಟರು ಹೆಂಡತಿ ಶಶಿಪ್ರಭಾ ಮತ್ತು ಮೂರು ವರ್ಷದ ಮಗಳು ಆಶಾಲತಾಳೊಂದಿಗೆ ಬಾಡಿಗೆಗೆ ಕೋಣೆ ಕೇಳಿಕೊಂಡು ಆ ಬಾಗಿಲಿಗೆ ಬಂದರು. ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸುವವರು, ಬೇಸಿಗೆಗೆ ಊರಿಗೆ ಬಂದಿದ್ದರು. ಮಗುವಿಗೆ ಉಬ್ಬಸ, ಮಂಗಳೂರು ಪೇಟೆಯ ಹಂಪನಕಟ್ಟೆಯ ಲಾಡ್ಜಿನ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಉಳ್ಳಾಲದಲ್ಲಿ ಎರಡು ಮನೆ ನೋಡಿಯಾಗಿತ್ತು. ಒಂದರ ಬಾವಿ ಉಪ್ಪು, ಇನ್ನೊಂದರ ಎದುರಿಗೆ ಕಡಲು ಒರಟು.

ಶಶಿಪ್ರಭಾ ಬಾವಿಯ ನೀರು ಕುಡಿದು ನೋಡಿದಳು. "ಸಿಹಿ ಉಂಟು. ಮಗು ಕಡಲಿಗೆ ಇಳಿದರೆ ಹೆದರಿಕೆ ಎಂತ ಇಲ್ವಾ ಅಕ್ಕ?"

"ಈ ಬದಿ ಮೊಣಕಾಲು ನೀರು. ನಾನೇ ಜೊತೆಗೆ ನಿಲ್ತೇನೆ. ಆದರೆ ಕರೆಂಟ್ ಇಲ್ಲ, ಬಚ್ಚಲು ಹೊರಗೆ."

"ಗಾಳಿ ಉಂಟಲ್ಲ ಮಾರಾಯ್ತಿ, ಅಷ್ಟು ಸಾಕು," ಎಂದರು ಶೆಟ್ಟರು.

ಮೂರು ವಾರ ಇದ್ದರು. ಕುಮುದಿನಿ ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡಳು. ಮಧ್ಯಾಹ್ನ ಗೋಡೆಯಾಚೆಯಿಂದ ಶೆಟ್ಟರ ಗೊರಕೆ, ತಾಯಿಮಗಳ ಪಿಸುಮಾತು ಕೇಳಿಸುತ್ತಿತ್ತು. ತನ್ನದೇ ಮನೆಯಲ್ಲಿ ಬೇರೆಯವರ ಸಂಸಾರವನ್ನು ಕದ್ದು ಕೇಳುತ್ತಿರುವಂತೆ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಎದ್ದು ಹೋಗುತ್ತಿರಲಿಲ್ಲ. ಮಗುವಿನ ಉಬ್ಬಸ ಇಳಿಯಿತು. ಅವಳನ್ನು ಅದು "ದೊಡ್ಡಮ್ಮ" ಎಂದು ಕರೆಯಿತು.

ಮರುವರ್ಷವೂ ಬಂದರು. ಮೂರನೆಯ ವರ್ಷ ಕುಮುದಿನಿ ಮಾಡಿಗೆ ಹೊಸ ಮಡಲು ಹೊದೆಸಿ, ನೆಲ ಸಾರಿಸಿ ಕಾದಳು. ಮೇ ತಿಂಗಳು ಅರ್ಧ ಕಳೆಯಿತು. ಒಂದು ದಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತಿದ್ದಾಗ ಎದುರಿಗೇ ಶಶಿಪ್ರಭಾ, ಮಗಳ ಕೈ ಹಿಡಿದು.

"ಅಯ್ಯೋ ಕುಮುದಕ್ಕ! ಈ ಸಲ ಹೊಸ ಲಾಡ್ಜಿನಲ್ಲಿ ಇಳಿದಿದ್ದೇವೆ. ಇವಳಿಗೂ ಈಗ ಉಬ್ಬಸ ಇಲ್ಲ."

"ಬಾಡಿಗೆಗೆ ಬೇಡ, ನೆಂಟರ ಹಾಗೆ ಬನ್ನಿ. ಒಂದು ದಿನ."

"ಬರ್ತೇವೆ, ಖಂಡಿತ."

ಮಗು ತಾಯಿಯ ಹಿಂದೆ ಸರಿದು ನಿಂತಿತು. ಕುಮುದಿನಿಯ ಗುರುತು ಅದಕ್ಕೆ ಸಿಕ್ಕಿರಲಿಲ್ಲ.

ಅವರು ಬರಲಿಲ್ಲ. ಆಮೇಲೆ ಕೋಣೆ ಕೇಳಿಕೊಂಡು ಬಂದವರಿಗೆಲ್ಲ ಕುಮುದಿನಿ "ಜಾಗ ಇಲ್ಲ" ಎಂದಳು. ಖಾಲಿ ಕೋಣೆಗೆ ಬೀಗ ಹಾಕಿ ನಾಲ್ಕು ವರ್ಷ ಹಾಗೆಯೇ ಕಳೆದಳು. ನೆರೆಯವರೊಂದಿಗೂ ಮಾತು ಕಡಿಮೆಯಾಯಿತು.

ಎಂಬತ್ತನಾಲ್ಕರಲ್ಲಿ ಊರಿನ ದರ್ಗಾಕ್ಕೆ ಬಂದಿದ್ದ ಅಲೀಮಮ್ಮ ಎಂಬ ಮುದುಕಿ ಮೂವರು ಮೊಮ್ಮಕ್ಕಳೊಂದಿಗೆ ಅಂಗಳದಲ್ಲಿ ನಿಂತಳು.

"ಜಾಗ ಇಲ್ಲ," ಎಂದಳು ಕುಮುದಿನಿ.

"ಆಯ್ತು ತಂಗಿ. ಮಕ್ಕಳಿಗೆ ಸ್ವಲ್ಪ ನೀರು ಕೊಡ್ತೀಯಾ?"

ನೀರು ಕುಡಿಯುತ್ತ ಕಿರಿಯವಳು ಜಗಲಿಗೆ ಒರಗಿ, ನಿಂತಲ್ಲೇ ತೂಕಡಿಸಿದಳು. ಕುಮುದಿನಿ ಅವಳ ಕೈಯ ಲೋಟ ತೆಗೆದಿಟ್ಟಳು. ಒಳಗೆ ಹೋಗಿ ಬೀಗದ ಕೈ ತಂದಳು.

ನಾಲ್ಕು ದಿನ ಇದ್ದು ಹೊರಡುವಾಗ ಅಲೀಮಮ್ಮ "ಮುಂದಿನ ಸಲ..." ಎಂದು ಶುರುಮಾಡಿದಳು.

"ಅದೆಲ್ಲ ಹೇಳ್ಬೇಡಿ," ಎಂದಳು ಕುಮುದಿನಿ. "ಬಿಸಿಲು ಏರುವ ಮೊದಲು ಹೊರಡಿ."

ಬಸ್ಸಿನವರೆಗೂ ಹೋಗಿ ಮಕ್ಕಳನ್ನು ಹತ್ತಿಸಿ ಬಂದಳು. ಮರುದಿನ ಬುಟ್ಟಿ ಹೊತ್ತು ಹೊರಟಾಗ ಕೋಣೆಗೆ ಬೀಗ ಹಾಕಲಿಲ್ಲ.