ಚಿಕ್ಕ ಸರ್ಕಾರದ ಫಿಟ್ಟರ್

ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಸರ್ಕಾರಿ ಕಾರ್ಖಾನೆಯ ಫಿಟ್ಟರ್. ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಅಮೆರಿಕದ ಸುದ್ದಿ ಕೇಳಿ, ಅಲ್ಲಿನ ಆನೆ ಗುರುತಿನ ಪಕ್ಷದ ಪರವಾಗಿ ನಮ್ಮ ಜಗಲಿಯಲ್ಲಿ ವಾದಕ್ಕೆ ಕೂರುತ್ತಿದ್ದರು.

"ಸರ್ಕಾರ ಚಿಕ್ಕದಾಗಿದ್ದಷ್ಟೂ ಒಳ್ಳೇದು ಮಾರಾಯ."

"ನಿಮ್ಗೆ ಸಂಬಳ ಕೊಡೋದ್ಯಾರು ಸಾರ್?" ಎಂದು ನಾನು ಕೆಣಕುತ್ತಿದ್ದೆ.

"ಅದಕ್ಕೇ ಹೇಳ್ತಿರೋದು, ಒಳಗಿಂದ ನೋಡಿದೀನಿ."

ಒಮ್ಮೆ ಬೀದಿಯ ನಲ್ಲಿ ಕೆಟ್ಟು ಕುಡಿಯುವ ನೀರೆಲ್ಲ ಮೋರಿ ಸೇರತೊಡಗಿತು. ನಗರಸಭೆಗೆಂದು ನಾನು ಬರೆದ ಅರ್ಜಿಗೆ ಅವರು ಸಹಿ ಹಾಕಲಿಲ್ಲ. ತಮ್ಮ ಎಡಗಾಲಿನ ಹವಾಯಿ ಚಪ್ಪಲಿಯಿಂದ ದುಂಡಗೆ ರಬ್ಬರ್ ಕತ್ತರಿಸಿ, ವಾಷರ್ ಮಾಡಿ ಕೂರಿಸಿದರು. ಸೋರುವುದು ನಿಂತಿತು. ಅರ್ಜಿ ನನ್ನ ಜೇಬಿನಲ್ಲೇ ಉಳಿಯಿತು.

ಕೆಲವು ತಿಂಗಳಿಗೆ ನಲ್ಲಿ ಮತ್ತೆ ಸೋರಿತು. ನಾನು ಬಿಳಿ ಹಾಳೆ ಹುಡುಕಿ ತರುವಷ್ಟರಲ್ಲಿ ಅವರು ಬಲಗಾಲಿನ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದಿದ್ದರು.