ಒಂಬತ್ತು ಕಾರು, ಎರಡೇ ಗೇರು

ಕೊಟ್ಟೂರಿನ ಮಂಡಿ ಹಿಂದಿನ ಓಣಿಗೆ ಇನ್ನೂ ಹಾಲಿನವರೂ ಬಂದಿಲ್ಲ. ಎಣ್ಣೆ ಮಿಲ್ಲಿನ ಮರುಳಪ್ಪನವರ ಗೇಟಿಗೆ ಸೈಕಲ್ ಒರಗಿಸಿ ಗಾಳೆಪ್ಪ ಒಳಗೆ ಬರುತ್ತಾರೆ. ಉಡಿದಾರಕ್ಕೆ ಕಟ್ಟಿದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ, ಬಿಳಿ ಮಾರುತಿಯ ಮೇಲಿನ ತಾಡಪತ್ರಿ ಸರಿಸಿ, ಸೀಟಿನ ಮೇಲೆ ತಮ್ಮ ಟವೆಲ್ ಹಾಸಿಕೊಂಡು ಕೂಡುತ್ತಾರೆ. ಚೋಕ್ ಎಳೆದು ಕೀಲಿ ತಿರುವಿದರೆ ಕಾರು ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಏಳುತ್ತದೆ. ಒಂದು ಬೀಡಿ ಸೇದುವಷ್ಟು ಹೊತ್ತು ಅದನ್ನು ಹಾಗೇ ಗುರುಗುಟ್ಟಲು ಬಿಡುತ್ತಾರೆ. ಆಮೇಲೆ ಒಂದನೇ ಗೇರಿನಲ್ಲಿ ಗೇಟಿನ ತನಕ, ರಿವರ್ಸಿನಲ್ಲಿ ಮತ್ತೆ ಗೋಡೆಯ ತನಕ. ಚಕ್ರ ಒಂದೇ ಕಡೆ ಒತ್ತಿ ಚಪ್ಪಟೆಯಾಗಬಾರದಲ್ಲ. ಬಂದ್ ಮಾಡಿ, ತಾಡಪತ್ರಿ ಹೊದಿಸಿ, ಸೈಕಲ್ ಹತ್ತಿದರೆ ಮುಂದಿನ ಮನೆ.

ಕೊಂಡ ಮೇಲೆ ಓಡಿಸದೆ ಇಟ್ಟವರ ಕಾರುಗಳನ್ನು ದಿನಾ ಬೆಳಿಗ್ಗೆ ಎಬ್ಬಿಸಿ ಮಲಗಿಸುವುದೇ ಗಾಳೆಪ್ಪನವರ ಕೆಲಸ. ಸದ್ಯ ಒಂಬತ್ತು ಮನೆ. ಈ ಕೆಲಸಕ್ಕೆ ಊರಲ್ಲಿ ಹೆಸರೇ ಇಲ್ಲ. ಹೆಂಡತಿ ಸುಂಕಮ್ಮ ಮಾತ್ರ ಒಂದು ಹೆಸರು ಇಟ್ಟಿದ್ದಾರೆ. "ಒಂಬತ್ತು ಕಾರಿನ ಸಾಹೇಬ್ರು ಬಂದ್ರು, ಸೈಕಲ್ಲಿಗೆ ಗಾಳಿ ಇಲ್ಲ," ಎಂದು ಬಾಗಿಲಲ್ಲೇ ನಿಂತು ನಗುತ್ತಾರೆ.

ಮೊದಲು ಗಾಳೆಪ್ಪ ಮಂಡಿಯಲ್ಲಿ ಹಮಾಲಿ. ಶೇಂಗಾ ಚೀಲ ಹೊರುತ್ತಿದ್ದ ಹುಡುಗನ ಕೈ ಚುರುಕು ಕಂಡು, ಮಂಡಿ ಸಾಹುಕಾರರೊಬ್ಬರು ತಮ್ಮ ಜೀಪಿಗೆ ಡ್ರೈವರ್ ಮಾಡಿಕೊಳ್ಳೋಣವೆಂದು ಹೊಸಪೇಟೆಗೆ ಕಳಿಸಿ ಲೈಸೆನ್ಸ್ ಮಾಡಿಸಿದರು. ಲೈಸೆನ್ಸ್ ಬಂತು, ಅಷ್ಟರಲ್ಲಿ ಜೀಪು ಮಾರಾಟವಾಗಿತ್ತು. "ಮಂಡಿ ಬಯಲಿನಾಗ ಕಲ್ತಿದ್ರಿ. ಎರಡನೇ ಗೇರಿಗೇ ಗ್ವಾಡಿ ಬರ್ತಿತ್ತು. ನಾಲ್ಕನೇ ಗೇರಿನಾಗ ಗಾಡಿ ಹೆಂಗ ಹೋಗ್ತೈತಿ ಅಂತ ಕೈಗೆ ಗೊತ್ತಿಲ್ಲ," ಎನ್ನುತ್ತಾರೆ.

ಮರುಳಪ್ಪನವರು ಊರಿಗೆ ಹೊಸದಾಗಿ ಮಾರುತಿ ತಂದದ್ದು ತೊಂಬತ್ತರ ದಶಕದ ನಡುವೆ. ಮಗನ ಲಗ್ನದ ದಿನ ಮದುಮಗ ಹೂವಿನ ಕಾರಿನಲ್ಲಿ ಕೂತ ಮೇಲೆ ಗೊತ್ತಾಯಿತು, ತಿಂಗಳುಗಟ್ಟಲೆ ನಿಂತಿದ್ದ ಕಾರಿನ ಬ್ಯಾಟರಿ ಇಳಿದಿದೆ ಎಂದು. ಬೀಗರೆಲ್ಲ ಪೇಟ ಸರಿಮಾಡಿಕೊಳ್ಳುತ್ತ ಬಸ್‌ಸ್ಟ್ಯಾಂಡಿನ ತನಕ ನೂಕಿದರು. ಮರುದಿನವೇ ಗಾಳೆಪ್ಪನವರಿಗೆ ಕೀಲಿ ಬಂತು. ನೂಕಿದ ಬೀಗರಲ್ಲಿ ಕೆಲವರು ಮುಂದೆ ತಾವೂ ಕಾರು ಕೊಂಡರು, ಕೀಲಿ ಕೊಟ್ಟರು. ಟವೆಲ್ ಹಾಸಿಕೊಂಡು ಕೂಡಬೇಕು ಎಂದು ಮೊದಲ ಮನೆಯಲ್ಲಿ ಹೇಳಿದ್ದನ್ನೇ ಗಾಳೆಪ್ಪ ಉಳಿದ ಮನೆಗಳಲ್ಲೂ ನಡೆಸಿಕೊಂಡು ಬಂದಿದ್ದಾರೆ. ಯಾರೂ ಬೇಡವೆನ್ನಲಿಲ್ಲ.

ಕಾರು ಕೊಂಡದ್ದೇಕೆ, ನಿಲ್ಲಿಸಿದ್ದೇಕೆ ಎಂದರೆ ಮನೆಗೊಂದು ಮಾತು. ಹರಪನಹಳ್ಳಿಗೆ ಬೇಕಾದಾಗ ಬಸ್ಸಿದೆ, ಕಂಡಕ್ಟರ್ ಪರಿಚಯದವನು, ಪೆಟ್ರೋಲ್ ಯಾಕೆ ಸುಡಬೇಕು ಎಂಬುದು ಒಬ್ಬರ ಲೆಕ್ಕ. ಡ್ರೈವರ್ ಇಟ್ಟರೆ ಅವನಿಗೆ ಉಪ್ಪಿಟ್ಟೂ ತಾವೇ ಕೊಡಿಸಬೇಕು ಎಂಬುದು ಇನ್ನೊಬ್ಬರ ಸಂಕಟ. ಹಾಗೆಂದು ಮಾರುತ್ತಾರೆಯೇ? ಇಲ್ಲ. ಮರುಳಪ್ಪನವರು ಅದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ: "ಕಾರು ಮನಿ ಮುಂದ ನಿಂತ್ರ ಮಗಳಿಗೆ ಸಂಬಂಧ ಬರ್ತಾವ. ಓಡಿದ್ರ ಖರ್ಚು ಬರ್ತೈತಿ."

ಇಂಥ ಊರಿಗೆ ಹೋದ ವರ್ಷ ಲಾರಿಯ ಮೇಲೆ ಒಂದು ಕರೆಂಟಿನ ಕಾರು ಬಂದಿಳಿಯಿತು. ಬಟ್ಟೆ ಅಂಗಡಿಯ ಪಂಚಾಕ್ಷರಪ್ಪನವರು ಮಾಲು ತರಲು ಬೆಂಗಳೂರಿಗೆ ಹೋದವರು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕೆಂದು ಮನಸೋತು ತಂದದ್ದು. ಕಟ್ಟೆಯ ಮೇಲಿನವರು ನೋಡಿ, ಕರೆಂಟು ಇದ್ದಾಗ ಕಾರು ಪ್ಲಗ್ಗಿನಲ್ಲಿರುತ್ತದೆ, ಕರೆಂಟು ಹೋದಾಗ ಚಾರ್ಜ್ ಇರುವುದಿಲ್ಲ, ಇನ್ನು ಹತ್ತುವುದು ಯಾವಾಗ ಎಂದು ನಕ್ಕರು. ಗಾಳೆಪ್ಪನವರಿಗೆ ನಗು ಬರಲಿಲ್ಲ. ಎಬ್ಬಿಸುವ ಎಂಜಿನ್ನೇ ಇಲ್ಲದ ಕಾರು ಮನೆಮನೆಗೂ ಬಂದರೆ ತಮ್ಮ ಗತಿ ಏನು ಎಂಬ ಯೋಚನೆ ಅವರದು.

ಆದರೂ ಪಂಚಾಕ್ಷರಪ್ಪನವರು ವಾಡಿಕೆಯಂತೆ ಅದರ ಕೀಲಿಯನ್ನೂ ಕೊಟ್ಟರು. ಗಾಳೆಪ್ಪ ಮರುದಿನ ಕೀಲಿ ತಿರುವಿದರು. ಸದ್ದಿಲ್ಲ. ಮತ್ತೆ ತಿರುವಿದರು, ಸದ್ದಿಲ್ಲ. ಎಷ್ಟೋ ವರ್ಷದಿಂದ ಕಿವಿಯಿಂದಲೇ ಕಾರು ಎಬ್ಬಿಸಿದವರು, ಇದು ಎದ್ದಿಲ್ಲ ಎಂದುಕೊಂಡು ಆಕ್ಸಿಲರೇಟರನ್ನು ಪೂರ್ತಿ ತುಳಿದರು. ಅದು ಯಾವಾಗಲೋ ಎದ್ದು ಕೂತಿತ್ತು. ನೇರ ಹೋಗಿ ಬಚ್ಚಲ ತೊಟ್ಟಿಗೆ ಗುದ್ದಿ ನಿಂತಿತು. ಮುಂದಿನ ಬಂಪರು ಸೀಳಿತು.

ಪಂಚಾಕ್ಷರಪ್ಪನವರು ಕೀಲಿಗೆ ಕೈ ಚಾಚಿದರು. ಗಾಳೆಪ್ಪ ಕೀಲಿ ಬಿಚ್ಚಿ ಕೊಟ್ಟರು. ಸುದ್ದಿ ಮುಟ್ಟಿದಂತೆ ಅದೇ ಓಣಿಯ ಇನ್ನೂ ಮೂರು ಮನೆಯವರು ಕೀಲಿ ವಾಪಸು ಕೇಳಿದರು. "ಗೊಂಚಲು ಹಗುರಾಗಿ ಸೊಂಟ ಬರಿದಾದಂಗ ಅನಿಸ್ತಿತ್ರಿ. ಲೈಸೆನ್ಸ್ ಇದ್ರೇನು, ಕೀಲಿ ಕೊಡೋರು ಬೇಕಲ್ಲ," ಎಂದು ಆ ದಿನಗಳನ್ನು ನೆನೆಯುತ್ತಾರೆ. ಉಳಿದ ಮನೆಗಳಲ್ಲೂ ಮಾಲೀಕರು ಬಾಗಿಲಲ್ಲಿ ನಿಂತು ನೋಡತೊಡಗಿದ್ದರು. ಮತ್ತೆ ಚೀಲ ಹೊರಬೇಕಾದೀತೆಂದು ಅವರು ಮಂಡಿಯ ಕಡೆ ಒಂದು ಸುತ್ತು ಹೋಗಿಯೂ ಬಂದರು.

ಅಷ್ಟರಲ್ಲಿ ಪಂಚಾಕ್ಷರಪ್ಪನವರು ಆ ಕಾರಿನಲ್ಲಿ ತಾವೇ ಕೂಡ್ಲಿಗಿಗೆ ಲಗ್ನಕ್ಕೆ ಹೊರಟರು. ಹಿಂದಿನ ರಾತ್ರಿ ಕರೆಂಟು ಕೈಕೊಟ್ಟು ಚಾರ್ಜ್ ಪೂರ್ತಿ ಆಗದಿದ್ದುದನ್ನು ಗಮನಿಸಿರಲಿಲ್ಲ. ಬರುವಾಗ ದಾರಿಯಲ್ಲಿ ಕಾರು ನಿಂತಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರೊಳಗೆ ಎಳೆದು ತಂದರು, ಅದೂ ಸಂತೆಯ ದಿನ. ಅಂದಿನಿಂದ ಅವರು ಅದರ ಸ್ಟೇರಿಂಗ್ ಮುಟ್ಟಲಿಲ್ಲ. ಮಾರೋಣವೆಂದು ಕಂಪನಿಗೆ ಫೋನ್ ಮಾಡಿದರೆ ಅಲ್ಲಿಯವರು ಹೇಳಿದ್ದೇ ಬೇರೆ: ವಾಪಸು ಕೊಳ್ಳುವುದಿಲ್ಲ, ನಿಂತರೆ ಬ್ಯಾಟರಿಗಳೆಲ್ಲ ಹಾಳು, ದಿನಾ ರಸ್ತೆಗೆ ಇಳಿಸಿ ಓಡಿಸಬೇಕು, ನಿಂತಲ್ಲೇ ಎಬ್ಬಿಸಿ ಮಲಗಿಸಿದರೆ ಸಾಲದು.

ಅವರ ಹೆಂಡತಿ ಗಂಗಾಂಬಿಕಾ ಆ ಸಂಜೆಯೇ ಗಾಳೆಪ್ಪನವರನ್ನು ಕರೆಸಿದರು. ಕೀಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು.

"ತೊಟ್ಟಿಗೆ ಗುದ್ದಿದವ ನೀನು. ಟ್ರ್ಯಾಕ್ಟರಿಗೆ ಕಟ್ಟಿಸ್ಕೊಂಡು ಬಂದವ್ರು ನಮ್ಮ ಮನಿಯವ್ರು. ಯಾರ ಕೈಯಾಗ ಕೊಡ್ಲಿ, ನೀನ ಹೇಳಪ," ಎಂದರು.

"ಅಮ್ಮಾರ, ನಾ ಗೇಟು ದಾಟಿದವ ಅಲ್ರಿ."

"ನಾಳಿಂದ ದಾಟು."

ಮರುದಿನ ಬೆಳಿಗ್ಗೆ ಗಾಳೆಪ್ಪ ಸೀಟಿಗೆ ಟವೆಲ್ ಹಾಸಲು ಹೋದಾಗ ಗಂಗಾಂಬಿಕಾ ಬಾಗಿಲಿನಿಂದಲೇ, ಆ ಅರಿವಿ ಕಾಲಿಗೆ ಸಿಕ್ಕೀತು, ತೆಗೆದು ಹಿಂದಕ್ಕೆ ಹಾಕು ಎಂದರು. ಹಾಕಿದರು.

ಈಗ ಎಂಟು ಕಾರು ಮುಗಿಸಿ ಕೊನೆಗೆ ಇದರ ಸರದಿ. ಓಣಿಯವರು ವಾಪಸು ಇಸಿದುಕೊಂಡಿದ್ದ ಮೂರು ಕೀಲಿಗಳೂ ಒಂದೊಂದಾಗಿ ಗೊಂಚಲಿಗೆ ಮರಳಿವೆ. ಹರಪನಹಳ್ಳಿ ರಸ್ತೆಯಲ್ಲಿ ಪೆಟ್ರೋಲ್ ಬಂಕಿನ ತನಕ ಹೋಗಿ, ಅಲ್ಲಿ ತಿರುಗಿಸಿಕೊಂಡು ಬರುತ್ತಾರೆ. ಬಂಕಿನ ಹುಡುಗರು ದಿನಾ ಕೈ ಎತ್ತಿ, ಎಷ್ಟು ಹಾಕ್ಲಿ ಸಾಹೇಬ್ರ ಎಂದು ಕೆಣಕುತ್ತಾರೆ. ಇವರು ತುಂಬಿಸು ಎಂದು ತಲೆ ಆಡಿಸಿ ತಿರುಗುತ್ತಾರೆ. ಎರಡೂ ಕಡೆ ಜೋಳದ ಹೊಲ, ಸದ್ದಿಲ್ಲದ ಕಾರು, ಕಿಟಕಿಯಲ್ಲಿ ಗಾಳಿ. ಎಡಗೈ ಮಾತ್ರ ಆಗಾಗ ಗೇರ್ ಇರಬೇಕಾದ ಜಾಗಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ ತೊಡೆಯ ಮೇಲೆ ಬಂದು ಕೂಡುತ್ತದೆ. ಕರೆಂಟಿನ ಕಾರಿಗೆ ಗೇರೇ ಇಲ್ಲ.

"ರಸ್ತಿ ಸಿಕ್ತು, ಗೇರ್ ಸಿಗಲಿಲ್ಲ ನೋಡ್ರಿ," ಎನ್ನುತ್ತಾರೆ ಗಾಳೆಪ್ಪ, ಕೀಲಿಯನ್ನು ಗೊಂಚಲಿಗೆ ಪೋಣಿಸುತ್ತ. "ಮರುಳಪ್ಪನವ್ರ ಮಾರುತಿ ಈ ರಸ್ತಿ ಕಂಡು ಬಾಳ ದಿನ ಆತು. ನಾಳಿ ಕೇಳ್ತೀನಿ. ಬಂಕಿನ ತನಕ ಸಾಕು, ನಾಲ್ಕನೇದು ಒಂದ್ಸಲ ಹಾಕಿ ನೋಡ್ತೀನಿ."